ಹಾಡು ಎಲ್ಲರದು, ಹೆಸರು ಯಾರದು?

ಮೊನ್ನೆ ಶ್ರೀನಿವಾಸಪುರದ ಬಸ್ ಸ್ಟ್ಯಾಂಡಿನಲ್ಲಿ ಮುಳಬಾಗಿಲು ಬಸ್ಸಿಗೆ ಕಾಯುತ್ತಾ ನಿಂತಿದ್ದೆವು. ನಾವು ನಾಲ್ಕೈದು ಜನ, ಹಾಡುವವರು, ತಮಟೆ ಬಡಿಯುವವರು. ಪಕ್ಕದ ಹುಡುಗನ ಮೊಬೈಲಿನಿಂದ ನಮ್ಮದೇ ಹಾಡು ಕೇಳಿಬಂತು. ನಮ್ಮ ಕೇರಿಯ ಅಕ್ಕ ಒಬ್ಬಳು ಮಾವಿನ ತೋಪಿನಲ್ಲಿ ಕಾಯಿ ಆರಿಸುತ್ತಾ ಕಟ್ಟಿದ ಹಾಡು ಅದು. ಕೂಲಿ ಕೇಳಿ ಬೈಸಿಕೊಂಡ ದಿನ ಕಟ್ಟಿದ್ದು. ಈಗ ತಮಟೆ ಇದ್ದ ಜಾಗದಲ್ಲಿ ಕೀಬೋರ್ಡು ಕುಣಿಯುತ್ತಿತ್ತು. ಕೂಲಿಯ ಸಾಲು ಮಾಯವಾಗಿ ಅಲ್ಲಿ ನಲ್ಲ ನಲ್ಲೆಯರ ಸರಸ ಬಂದು ಕೂತಿತ್ತು.

"ಯಾರಪ್ಪಾ ಇದನ್ನ ಕಟ್ಟಿದ್ದು?" ಅಂದೆವು.

ಹುಡುಗ ಮೊಬೈಲು ನೋಡಿ, "ಜನಪದ ಅಂತ ಹಾಕವ್ರೆ ಅಣ್ಣಾ" ಅಂದ.

ಜನಪದ! ಎಂಥ ಚೆಂದದ ಮಾತು. ಆದರೆ ನಮ್ಮ ಹಾಡಿಗೆ ಅಂಟಿದ ಕೂಡಲೇ ಅದರ ಅರ್ಥ 'ವಾರಸುದಾರರಿಲ್ಲದ್ದು' ಎಂದಾಗಿಬಿಡುತ್ತದೆ. ಊರಿನ ಗೋಮಾಳ ಬೇಲಿ ಹಾಕಿದವನ ಪಾಲಾಗುವುದೂ ಹೀಗೇ ಅಲ್ಲವೇ?

ತಪ್ಪು ನಮ್ಮದೂ ಇದೆ. 1990ರ ದಶಕದ ಕೊನೆಯಲ್ಲಿ ಒಂದು ಕ್ಯಾಸೆಟ್ ಕಂಪನಿಯವರು ನಮ್ಮನ್ನು ಬೆಂಗಳೂರಿಗೆ ಕರೆಸಿ ರಾತ್ರಿಯಿಡೀ ಹಾಡಿಸಿದರು. ಊಟ, ಬಸ್ ಚಾರ್ಜು ಕೊಟ್ಟು ಇಂಗ್ಲಿಷ್ ಕಾಗದಕ್ಕೆ ರುಜು ಹಾಕಿಸಿಕೊಂಡರು. ಅದರಲ್ಲಿ ಏನಿದೆ ಎಂದು ನಾವು ಕೇಳಲಿಲ್ಲ. ಅದರ ಪ್ರತಿಯನ್ನೂ ಕೇಳಲಿಲ್ಲ. ಕ್ಯಾಸೆಟ್ಟಿನ ಮೇಲೆ 'ಸಾಂಪ್ರದಾಯಿಕ' ಎಂದು ಅಚ್ಚಾಗಿತ್ತು.

ಗೆಳೆಯರೇ, ಒಂದು ಮಾತು ಸ್ಪಷ್ಟವಾಗಲಿ. ಬಾಯಿಂದ ಬಾಯಿಗೆ ಹೋಗುವುದು ಕಳ್ಳತನವಲ್ಲ. 1975ರಲ್ಲಿ ಬಂದ ಸಿದ್ದಲಿಂಗಯ್ಯನವರ 'ಹೊಲೆಮಾದಿಗರ ಹಾಡು' ಹೋರಾಟದ ಜೊತೆ ಕೇರಿಕೇರಿಗೂ ಬಂತು. ಯಾರೂ ಅಪ್ಪಣೆ ಕೇಳಲಿಲ್ಲ, ಆದರೆ ಹಾಡು ಯಾರದೆಂದು ಎಲ್ಲರಿಗೂ ಗೊತ್ತಿತ್ತು. ನಮ್ಮ ಮಾಲೂರು ತಾಲ್ಲೂಕಿನ ಶಿವಾರಪಟ್ಟಣದಲ್ಲಿ ಕಲ್ಲು ಕೆತ್ತುವವರನ್ನು ನೋಡಿ. ಹಿರಿಯರ ಅಳತೆ ನೋಡಿಯೇ ಕಿರಿಯರು ಉಳಿ ಹಿಡಿಯುವುದು. ಅಳತೆ ಯಾರಪ್ಪನ ಸ್ವತ್ತೂ ಅಲ್ಲ, ಕೈಕೆಲಸ ಮಾತ್ರ ಅವರವರದು. ಆರ್.ಜಿ. ಆನಂದ್ ಮೊಕದ್ದಮೆಯಲ್ಲಿ 1978ರಲ್ಲಿ ಸುಪ್ರೀಂ ಕೋರ್ಟು ಹೇಳಿದ್ದೂ ಇದನ್ನೇ: ವಿಚಾರಕ್ಕೆ ಒಡೆಯನಿಲ್ಲ, ಅದನ್ನು ಹೇಳಿದ ರೀತಿಗೆ ಇದ್ದಾನೆ. ಕಳ್ಳತನ ಶುರುವಾಗುವುದು ಹೆಸರು ಅಳಿಸಿ ಕಾಸು ಎಣಿಸುವಾಗ.

1957ರ ಕೃತಿಸ್ವಾಮ್ಯ ಕಾಯಿದೆಯನ್ನು ನಾವು ಓದಿಸಿ ಕೇಳಿದ್ದು ತೀರಾ ತಡವಾಗಿ. ಕೃತಿ ರಚಿಸಿದ ಗಳಿಗೆಯಲ್ಲೇ ಹಕ್ಕು ಹುಟ್ಟುತ್ತದೆ. ಕಟ್ಟಿದವರ ಜೀವಮಾನವಿಡೀ, ಆಮೇಲೆ 60 ವರ್ಷ ಅದು ಉಳಿಯುತ್ತದೆ. ನೋಂದಣಿ ಕಡ್ಡಾಯವಲ್ಲ, ಮಾಡಿಸಿದರೆ ಒಂದು ಹಾಡಿಗೋ ಚಿತ್ರಕ್ಕೋ 500 ರೂಪಾಯಿ ಶುಲ್ಕ. 19ನೇ ಕಲಮಿನ ಪ್ರಕಾರ ಬರಹವೂ ರುಜುವೂ ಇಲ್ಲದೆ ಹಕ್ಕು ಕೈಬದಲಾಗುವುದಿಲ್ಲ. ಕಾಗದದಲ್ಲಿ ಅವಧಿ ಬರೆಯದಿದ್ದರೆ ಅದು ಐದೇ ವರ್ಷಕ್ಕೆ ಮುಗಿಯಿತು. 57ನೇ ಕಲಮು ಇನ್ನೂ ದೊಡ್ಡದು: ಹಕ್ಕು ಮಾರಿದ ಮೇಲೂ 'ಇದು ನನ್ನದು' ಎನ್ನುವ ಅಧಿಕಾರ, ಮಾನ ಹೋಗುವಂತೆ ತಿರುಚಿದರೆ ತಡೆಯುವ ಅಧಿಕಾರ ಕಟ್ಟಿದವರದೇ. 1994ರ ತಿದ್ದುಪಡಿ ಹಾಡುವವರಿಗೂ ಬಾರಿಸುವವರಿಗೂ ಹಕ್ಕು ಕೊಟ್ಟಿತು.

ಆದರೆ ಕೋರ್ಟು ಕೇಳುವುದು ಪುರಾವೆ. ಶಿವರಾಮ ಕಾರಂತರು 1994ರಲ್ಲಿ ಉಯಿಲು ಬರೆದರು, 1997ರಲ್ಲಿ ತೀರಿಕೊಂಡರು. ಅವರ ಯಕ್ಷಗಾನ ಬ್ಯಾಲೆಯ ಹಕ್ಕು ಮಾಲಿನಿ ಮಲ್ಯರದೆಂಬ ತೀರ್ಪನ್ನು 2009ರಲ್ಲಿ ಸುಪ್ರೀಂ ಕೋರ್ಟು ಎತ್ತಿಹಿಡಿಯಿತು. ಅವರಿಗೆ ಅಕ್ಷರವಿತ್ತು, ಉಯಿಲಿತ್ತು. ನಮ್ಮಕ್ಕನಿಗೆ ಇದ್ದದ್ದು ಗಂಟಲು. ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂದಾಗ ತಮಟೆಗೂ ಒಂದು ಹೆಸರು ಬಂತೆಂದು ಹಿಗ್ಗಿದೆವು. ಹೆಸರೇ ಬಾರದೆ ಮಣ್ಣಾದ ಕೈಗಳ ಲೆಕ್ಕ ಇಟ್ಟವರು ಯಾರು?

ಊರಿಗೆ ಬಂದು ಅಕ್ಕನಿಗೆ ವಿಷಯ ಹೇಳಿದೆವು. ಸಿಟ್ಟಾಗುತ್ತಾಳೆ ಅಂದುಕೊಂಡಿದ್ದೆವು. ಅವಳು ಮೊರ ಕೆಳಗಿಟ್ಟು, "ಆಡ್ಕಳ್ಳಿ ಬಿಡ್ರಪ್ಪಾ, ಆಡು ಸವೀತದಾ? ಆದ್ರೆ ಕೂಲಿ ಮಾತು ಯಾಕೆ ಕಿತ್ತಾಕಿದ್ರು?" ಅಂದಳು.

57ನೇ ಕಲಮನ್ನು ಅವಳು ಓದಿರಲಿಲ್ಲ.

ಅವತ್ತೇ ಒಂದು ಉದ್ದನೆಯ ಲೆಕ್ಕದ ಪುಸ್ತಕ ತಂದೆವು. ಪ್ರತಿ ಹಾಡಿಗೂ ಒಂದು ಹಾಳೆ: ಕಟ್ಟಿದವರು ಯಾರು, ಯಾವ ಊರು, ಯಾವ ವರ್ಷ, ತಮಟೆ ಯಾರದು, ಸಾಕ್ಷಿ ಯಾರು. ಹಾಡುವ ಮುಂಚೆ ಕಟ್ಟಿದವರ ಹೆಸರು ಹೇಳಿ, ಮೊಬೈಲಿನಲ್ಲಿ ನಾವೇ ಹಿಡಿದಿಡುತ್ತೇವೆ. ಓದಿ ಅರ್ಥವಾಗದ ಕಾಗದಕ್ಕೆ ರುಜು ಹಾಕುವುದಿಲ್ಲ, ಪ್ರತಿ ಇಸಿದುಕೊಳ್ಳದೆ ಎದ್ದು ಬರುವುದಿಲ್ಲ. ಹಳ್ಳಿಯ ಮೇಷ್ಟ್ರುಗಳೇ, ಕೋಲಾರದ ಕಾಲೇಜು ಹುಡುಗ ಹುಡುಗಿಯರೇ, ನಿಮಗೆ ಅಕ್ಷರವಿದೆ. ನಿಮ್ಮ ನಿಮ್ಮ ಕೇರಿಯಲ್ಲೂ ಇಂಥದೊಂದು ಪುಸ್ತಕ ಶುರು ಮಾಡಿ. 'ಜನಪದ' ಎಂದು ಬರೆಯುವ ಮುಂಚೆ ಆ ಜನ ಯಾರೆಂದು ಕೇಳಿ.

ನಮ್ಮ ಪುಸ್ತಕದ ಮೊದಲ ಹಾಳೆಯಲ್ಲಿ ಅಕ್ಕನ ಹಾಡಿದೆ. ಕೆಳಗೆ ಅವಳ ಹೆಬ್ಬೆಟ್ಟಿದೆ. ಕೂಲಿಯ ಸಾಲು ಹಾಗೇ ಇದೆ.