ಪೀಚ್ ಟೀಗೆ ನನ್ನ ಮಾರ್ಕು

ಹಣ್ಣಿನ ಘಮದ ಬ್ಲ್ಯಾಕ್ ಟೀ ಮೂಗಿಗೆ ಕೊಟ್ಟ ಮಾತನ್ನು ನಾಲಿಗೆಗೆ ನಡೆಸಿಕೊಡುವುದಿಲ್ಲ. ಬೆಂಗಳೂರಿಂದ ನೆಂಟರು ತಂದ ಪೀಚ್ ಟೀ ಕುಡಿದ ಮೇಲೆ ಹೇಳುತ್ತಿದ್ದೇನೆ. ಡಬ್ಬಿ ತೆರೆದರೆ ಮನೆ ತುಂಬ ಹಣ್ಣು. ಗುಟುಕರಿಸಿದರೆ ಬರೀ ಒಗರು.

ಇದರಲ್ಲಿ ಮೋಸವೇನಿಲ್ಲ. ಇಂಥ ಹೆಚ್ಚಿನ ಟೀಗಳಲ್ಲಿ ಒಣಗಿದ ಎಲೆಗೆ ಪರಿಮಳ ಸವರಿರುತ್ತಾರೆ, ಹಣ್ಣಿನ ಸಿಹಿ ಅಲ್ಲಿರುವುದಿಲ್ಲ. ಅರ್ಧ ಚಮಚ ಸಕ್ಕರೆ ಹಾಕಿ ನೋಡಿ, ಕಾಣೆಯಾಗಿದ್ದ ಪೀಚ್ ಹಾಜರ್! ಸಿಹಿ ಜೊತೆಗಿದ್ದರೆ ಮಿದುಳು ಆ ಘಮವನ್ನು ಬೇಗ ಹಣ್ಣೆಂದು ಒಪ್ಪುತ್ತದೆ.

ನಮ್ಮ ಮಲೆಬೆನ್ನೂರಿನ ರೂಢಿಯಂತೆ ಹಾಲು ಹಾಕಿ ಕುದಿಸಿದರೆ ಕಥೆ ಮುಗಿಯಿತು. ಘಮ ಹಬೆಯ ಜೊತೆ ಹಾರಿಹೋಗುತ್ತದೆ, ಉಳಿದದ್ದನ್ನು ಹಾಲು ನುಂಗುತ್ತದೆ. ದಾಸವಾಳ ಜಾತಿಯ ಹುಳಿ ಎಸಳು ಬೆರೆತಿದ್ದರೆ ಹಾಲೇ ಒಡೆದೀತು. ಹಾಲು ಹಾಕಿ ಕುದಿಸಲು ಬೇರೆಯೇ ಟೀ ಇದೆ: ಖಡಕ್ ಚಹಾಕ್ಕೆ ಬಳಸುವ ಸಿಟಿಸಿ ಕಾಳು (ಎಲೆಯನ್ನು ಜಜ್ಜಿ, ಹರಿದು, ಸುರುಳಿ ಮಾಡಿದ್ದು) 1930ರ ಸುಮಾರಿಗೆ ಅಸ್ಸಾಮಿನಲ್ಲಿ ಬಂದ ಯಂತ್ರದ ಕೊಡುಗೆ. ಆ ಕಾಳು ಹಾಲು, ಸಕ್ಕರೆ, ಕುದಿತ ಎಲ್ಲ ತಡೆಯುತ್ತದೆ. ಪೀಚ್ ಟೀಗೆ ಬಿಸಿನೀರು ಸುರಿದು 3 ನಿಮಿಷ ಮುಚ್ಚಿಟ್ಟರೆ ಸಾಕು.

ಲೆಮನ್ ಟೀ ಮಾತ್ರ ಬೇರೆ. ಅಲ್ಲಿ ಹಿಂಡುವುದು ನಿಜವಾದ ನಿಂಬೆ. ಹುಳಿ ಬಿದ್ದ ಕೂಡಲೇ ಬಣ್ಣ ತಿಳಿಯಾಗುತ್ತದೆ. ಘಮ, ರುಚಿ ಎರಡೂ ಒಂದೇ ಮಾತಾಡುತ್ತವೆ. ದಾವಣಗೆರೆಯ ಮಿರ್ಚಿ-ಮಂಡಕ್ಕಿ ತಿಂದು ಉರಿಯುವ ಬಾಯಿಗೆ ಇದಕ್ಕಿಂತ ಒಳ್ಳೆ ಜೋಡಿ ಬೇಡ.

ಮಾರ್ಕು: ಪೀಚ್‌ಗೆ 10ಕ್ಕೆ 5, ಸಕ್ಕರೆ, ಐಸ್ ಹಾಕಿದರೆ 7. ಸಂತೆಯ ನಿಂಬೆ ಹಿಂಡಿದ ಲೆಮನ್ ಟೀಗೆ 9. ನಿಮ್ಮದೆಷ್ಟು?