ಟೇಪಿಗೆ ಇಳಿಯದ ನಲವತ್ತು ಸೆಕೆಂಡು



ಈ ಸಲದ ಕ್ರಿಸ್ಮಸ್‌ಗೂ ಕೇಬಲ್ ಟಿ.ವಿ.ಗೆ ಒಂದು ಕಾರ್ಯಕ್ರಮ ಮಾಡೋಣ ಎಂದು ಹೋದ ಭಾನುವಾರ ಪೂಜೆ ಮುಗಿದ ಮೇಲೆ ಮಾತು ಬಂತು. ಆಗ ಒಬ್ಬರು, "ಹೋದ ವರ್ಷ ನೀವು ಮೂರು ಜನ ಕಾಂಗೇಯಂಗೆ ಹೋಗಿ ಎರಡು ರಾತ್ರಿ ಅದೇನು ಮಾಡ್ತಿದ್ರಿ?" ಎಂದು ನಗುತ್ತಲೇ ಕೇಳಿದರು. ಉತ್ತರ ಸ್ವಲ್ಪ ಉದ್ದ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇವೆ.

2012ರ ಕಾರ್ಯಕ್ರಮದಲ್ಲಿ ಹಾಡುಗಳ ಜೊತೆಗೆ ತಿರುಪ್ಪೂರಿನ ಬನಿಯನ್ ಕಂಪನಿಗಳಲ್ಲಿ ದುಡಿಯುವ ನಮ್ಮ ಊರಿನವರ ಶುಭಾಶಯವೂ ಇತ್ತು. ಹಬ್ಬಕ್ಕೆ ಊರಿಗೆ ಬರಲಾಗದವರು ಮನೆಯವರಿಗೆ ಎರಡು ಮಾತು ಹೇಳಲಿ ಎಂಬ ಆಸೆ ನಮ್ಮದು. ಒಂದು ಭಾನುವಾರ ಹೋಗಿ ಕ್ಯಾಮೆರಾದಲ್ಲಿ ಎಲ್ಲರನ್ನೂ ತೆಗೆದೆವು. ಒಬ್ಬ ಹುಡುಗಿಗೆ ಮಾತ್ರ ಆ ದಿನ ಓವರ್‌ಟೈಮ್ ಬಿತ್ತು. ಅವಳು ಆಮೇಲೆ ಗೆಳತಿಯ ಫೋನಿನಲ್ಲಿ ನಲವತ್ತು ಸೆಕೆಂಡು ಮಾತಾಡಿ, ಮೆಮೊರಿ ಕಾರ್ಡ್ ಕೊಟ್ಟು ಕಳಿಸಿದಳು. ಆ ನಲವತ್ತು ಸೆಕೆಂಡಿನದೇ ಈ ಕತೆ.

ಹಿಂದಿನ ಈಸ್ಟರ್‌ಗೆ ನಾವು ಕೊಟ್ಟ ಡಿವಿಡಿ ನಡುವೆ ಸಿಕ್ಕಿಹಾಕಿಕೊಂಡಿತ್ತು. ಹಾಗಾಗಿ ಕೇಬಲ್‌ನವರು "ಮಿನಿ ಡಿವಿ ಟೇಪಲ್ಲಿ ತನ್ನಿ, 23ರ ಸಂಜೆಯೊಳಗೆ" ಎಂದಿದ್ದರು. ನಮ್ಮ ಕಂಪ್ಯೂಟರಿನಲ್ಲಿ ಫೈರ್‌ವೈರ್ ಇರಲಿಲ್ಲ. ನಮ್ಮಲ್ಲೊಬ್ಬನ ಚಿಕ್ಕಪ್ಪ ಕಾಂಗೇಯಂನಲ್ಲಿ ಮದುವೆ ವಿಡಿಯೊ ಮಾಡುತ್ತಾರೆ. ಅವರ ಬಳಿ ಫೈರ್‌ವೈರ್ ಇರುವ ಕಂಪ್ಯೂಟರ್, ಟೇಪಿಗೆ ರೆಕಾರ್ಡ್ ಮಾಡುವ ಕ್ಯಾಮೆರಾ ಎರಡೂ ಇದ್ದವು. ದಿಂಬಂ ಘಾಟಿಯ 27 ತಿರುವು ಇಳಿದು, ಸತ್ಯಮಂಗಲ, ಗೋಬಿ ದಾಟಿ ಹೋದೆವು. ಕಾಂಗೇಯಂ ಎಂದರೆ ಎತ್ತು ಎಂದುಕೊಂಡಿದ್ದ ನಮಗೆ ಕಂಡದ್ದು ಕಣ್ಣಿಗೆ ಹರಿವಷ್ಟು ದೂರ ಒಣಹಾಕಿದ ಕೊಬ್ಬರಿ.

ಟೇಪಿಗೆ ಇಳಿಸುವುದು ಫೈಲ್ ಕಾಪಿ ಮಾಡಿದ ಹಾಗಲ್ಲ. 52 ನಿಮಿಷದ ಕಾರ್ಯಕ್ರಮಕ್ಕೆ 52 ನಿಮಿಷವೇ ಬೇಕು. ಸೆಕೆಂಡಿಗೆ 25 ಚಿತ್ರ, ಒಂದೂ ತಪ್ಪದೆ ಕಂಪ್ಯೂಟರಿನಿಂದ ಕ್ಯಾಮೆರಾಕ್ಕೆ ಹೋಗುತ್ತಿರಬೇಕು. ಆದರೆ ಆ ಡಿಸೆಂಬರಿನಲ್ಲಿ ತಮಿಳುನಾಡಿನಲ್ಲಿ ಕರೆಂಟ್ ಪರಿಸ್ಥಿತಿ ನಿಮಗೆ ನೆನಪಿರಬಹುದು. ನಾವಿದ್ದ ಬೀದಿಯಲ್ಲಿ ಒಂದು ಗಂಟೆ ಇದ್ದರೆ ಇನ್ನೊಂದು ಗಂಟೆ ಇಲ್ಲ. ಯುಪಿಎಸ್ ಕಾಲು ಗಂಟೆ ತಡೆಯುತ್ತಿತ್ತು. ಕರೆಂಟ್ ಬಂದ ಕೂಡಲೇ ಶುರು ಮಾಡಿದರೆ ಮಾತ್ರ ಮುಗಿಯುವ ಕೆಲಸ.

ಮೊದಲ ರಾತ್ರಿಯ ಮೊದಲ ಗಂಟೆ ನಮ್ಮ ದಡ್ಡತನಕ್ಕೇ ಹೋಯಿತು. ಸಾಫ್ಟ್‌ವೇರ್ ಕ್ಯಾಮೆರಾವನ್ನೇ ಗುರುತಿಸಲಿಲ್ಲ. ವೈರ್ ಕಿತ್ತು ಹಾಕಿದೆವು, ರೀಸ್ಟಾರ್ಟ್ ಮಾಡಿದೆವು. ಚಿಕ್ಕಪ್ಪ ಬಂದು ಕ್ಯಾಮೆರಾದ ಗುಂಡಿಯನ್ನು ವಿಸಿಆರ್ ಕಡೆಗೆ ತಿರುಗಿಸಿ, ಏನೂ ಹೇಳದೆ ಹೋದರು. ಆಮೇಲೆ ರೆಕಾರ್ಡ್ ಆಗಲಿಲ್ಲ. ಟೇಪಿನ ಬೆನ್ನಿನ ಪುಟ್ಟ ತಾಳು 'ಸೇವ್' ಕಡೆಗಿತ್ತು. ಬಿ.ಎಸ್ಸಿ. ಓದಿದವರು ನಾವು!

ಎರಡನ್ನೂ ಸರಿಮಾಡಿ ಶುರು ಮಾಡಿದೆವು. 31 ನಿಮಿಷ 12 ಸೆಕೆಂಡಿಗೆ ನಿಂತಿತು. ಡ್ರಾಪ್ಡ್ ಫ್ರೇಮ್, ಅಂದರೆ ಚಿತ್ರ ತಪ್ಪಿದೆ ಎಂದು ತೋರಿಸಿತು. ವೈರ್ ಬದಲಿಸಿದೆವು. ಆಂಟಿವೈರಸ್ ನಿಲ್ಲಿಸಿದೆವು. ಹೊರಗಿನ ಹಾರ್ಡ್ ಡಿಸ್ಕ್‌ನಿಂದ ಎಲ್ಲವನ್ನೂ ಒಳಗಿನದಕ್ಕೆ ಹಾಕಿದೆವು. ಪ್ರತಿಸಲವೂ ಕರೆಂಟಿಗೆ ಕಾಯಬೇಕು, ಪ್ರತಿಸಲವೂ ಅರ್ಧ ಗಂಟೆ ನೋಡಬೇಕು, ಮತ್ತೆ ಅಲ್ಲೇ ನಿಲ್ಲಬೇಕು. ಚಿತ್ರ ತಪ್ಪಿದರೂ ನಿಲ್ಲಬೇಡ ಎಂಬ ಆಯ್ಕೆಯೊಂದಿದೆ. ಅದನ್ನು ಹಾಕಿದಾಗ ಕೊನೆವರೆಗೂ ಓಡಿತು. ತಿರುಗಿಸಿ ನೋಡಿದರೆ ಆ ಜಾಗದಲ್ಲಿ ಮುಖ ಕಲ್ಲಾಗಿ ನಿಂತಿದೆ, ದನಿ ಮಾತ್ರ ಮುಂದಕ್ಕೆ ಹೋಗುತ್ತಿದೆ.

ಇಷ್ಟಾಗುವ ಹೊತ್ತಿಗೆ 22ರ ಮಧ್ಯಾಹ್ನ. ನಮ್ಮ ತಂಡದ ಹುಡುಗಿ ಆಗ ಒಂದು ಮಾತು ಹೇಳಿದಳು: "ಡಿಸ್ಕೋ ವೈರೋ ಕೆಟ್ಟಿದ್ರೆ ಒಂದೊಂದು ಸಲ ಒಂದೊಂದು ಕಡೆ ನಿಲ್ಬೇಕಿತ್ತು. ಇದು ಯಾವಾಗ್ಲೂ ಒಂದೇ ಕಡೆ ನಿಲ್ತದೆ. ತಪ್ಪು ನಾವು ಜೋಡಿಸಿರೋದ್ರಲ್ಲೇ ಇದೆ." ಇದನ್ನು ಮೊದಲ ರಾತ್ರಿಯೇ ಯೋಚಿಸಬೇಕಿತ್ತು. 31:12ಕ್ಕೆ ಶುರುವಾಗುವುದು ಆ ಫೋನಿನ ಕ್ಲಿಪ್. ಅದರಲ್ಲಿ ಸೆಕೆಂಡಿಗೆ ಸುಮಾರು 30 ಚಿತ್ರ, ಅದೂ ಒಂದೇ ಸಮ ಇಲ್ಲ. ನಮ್ಮ ಟೈಮ್‌ಲೈನ್ 25ರದು. ಮೇಲೆ ಕೆಂಪು ಗೆರೆ ಕಾಣುತ್ತಲೇ ಇತ್ತು, ಅಂದರೆ ರೆಂಡರ್ ಆಗಿಲ್ಲ. ಪರದೆಯ ಮೇಲೆ ಓಡುತ್ತದಲ್ಲ ಎಂದು ನಾವು ಬಿಟ್ಟಿದ್ದೆವು. ಟೇಪಿಗೆ ಕಳಿಸುತ್ತಲೇ ಆ ಲೆಕ್ಕವನ್ನೂ ಮಾಡು ಎಂದರೆ ಆ ಹಳೆಯ ಕಂಪ್ಯೂಟರಿಗೆ ಆಗುತ್ತಿರಲಿಲ್ಲ. ರೆಂಡರ್ ಮಾಡಲು ಹೋದರೆ ಸಾಫ್ಟ್‌ವೇರ್ ಅದೇ ಕ್ಲಿಪ್ಪಿನಲ್ಲಿ ಹ್ಯಾಂಗ್.

ಆಗ ನಾವು ಮಾಡಿದ್ದನ್ನು ಹೇಳಲು ನಾಚಿಕೆ. ಕ್ಲಿಪ್ಪನ್ನೇ ಅಳಿಸಿದೆವು. ರಾತ್ರಿ ಹನ್ನೊಂದಕ್ಕೆ ಇಡೀ ಕಾರ್ಯಕ್ರಮ, ಅವಳೊಬ್ಬಳನ್ನು ಬಿಟ್ಟು, ಕನ್ನಡಿ ಹಾಗೆ ಟೇಪಿಗೆ ಇಳಿಯಿತು. ಚೀಲ ಕಟ್ಟಲು ಶುರು ಮಾಡಿದೆವು. ಊರಿಗೆ ಫೋನ್ ಮಾಡಿದಾಗ ಒಬ್ಬನ ತಾಯಿ ಹೇಳಿದರು: "ಅವಳವ್ವ ಮಗಳು ಟಿ.ವೀಲಿ ಬತ್ತಾಳೆ ಅಂತ ಬೀದಿಗೆಲ್ಲ ಹೇಳ್ಬುಟ್ಟವ್ಳೆ ಕಣ್ರೋ."

ಮೂವರೂ ಸುಮ್ಮನಾದೆವು. ನಮ್ಮ ಬಳಿ ಒಳ್ಳೆಯ ಟೇಪ್ ಇದ್ದದ್ದು ಅದೊಂದೇ. ಇನ್ನೊಂದರಲ್ಲಿ ಬಿಳಿ ಗೆರೆಗಳು ಬರುತ್ತಿದ್ದವು. ಮತ್ತೆ ಇಳಿಸುವುದೆಂದರೆ ಸರಿಯಾಗಿ ಬಂದಿರುವುದರ ಮೇಲೆಯೇ ಇಳಿಸಬೇಕು. ನಡುವೆ ಕೈಕೊಟ್ಟರೆ ಯಾರ ಮುಖವೂ ಇಲ್ಲ. ಒಬ್ಬ ಬೇಡ ಎಂದ, ಇಬ್ಬರು ಮಾಡೋಣ ಎಂದೆವು. ಬೇಡ ಎಂದವನ ಮಾತೂ ತಪ್ಪಾಗಿರಲಿಲ್ಲ, ಇವತ್ತಿಗೂ ಹಾಗೇ ಅನಿಸುತ್ತದೆ.

ಫೋನಿನ ಕ್ಲಿಪ್ಪನ್ನು ಬೇರೆ ಕನ್ವರ್ಟರ್‌ನಲ್ಲಿ ಹಾಕಿ ಡಿವಿ ಮಾಡಿದೆವು. 25 ಚಿತ್ರ, ದನಿ 48 ಕಿಲೋಹರ್ಟ್ಸ್. ಕೆಂಪು ಗೆರೆ ಹೋಯಿತು. ಇನ್ನೂ ಭದ್ರವಾಗಲಿ ಎಂದು ಇಡೀ ಕಾರ್ಯಕ್ರಮವನ್ನು ಒಂದೇ ಫೈಲ್ ಮಾಡಲು ಹೋದರೆ, ಇಪ್ಪತ್ತು ನಿಮಿಷ ತುಂಬುವ ಮೊದಲೇ ನಿಂತಿತು. ಡಿಸ್ಕ್ ಫ್ಯಾಟ್ 32ರಲ್ಲಿತ್ತು, ಅದರಲ್ಲಿ 4 ಜಿಬಿಗಿಂತ ದೊಡ್ಡ ಫೈಲ್ ಕೂರುವುದಿಲ್ಲ. ಡಿವಿ ಒಂದು ಗಂಟೆಗೆ ಸುಮಾರು 13 ಜಿಬಿ. ಮೂರು ತುಂಡು ಮಾಡಿ, ಆ ಮೂರನ್ನೇ ಹೊಸ ಟೈಮ್‌ಲೈನ್‌ನಲ್ಲಿ ಒಂದರ ಹಿಂದೆ ಒಂದು ಇಟ್ಟೆವು. ಮೂರು ಗಂಟೆಗೆ ಕರೆಂಟ್ ಬಂತು. ಒಬ್ಬಳು ಜಪಸರ ಹಿಡಿದಳು, ಒಬ್ಬ ಟೈಮ್‌ಕೋಡ್ ನೋಡುತ್ತ ಕೂತ. ಬೇಡ ಎಂದಿದ್ದವನು ಹೊರಗೆ ಹೋಗಿ ನಿಂತ. 31:12 ದಾಟಿದಾಗ ಅವನನ್ನು ಕೂಗಿದೆವು.

ಐದರ ಬಸ್ ಸಿಕ್ಕಿತು. ಆಗಮನ ಕಾಲದ ನಾಲ್ಕನೇ ಭಾನುವಾರದ ಪೂಜೆ ತಪ್ಪಿತು, ಅದಕ್ಕೆ ಗುರುಗಳಿಂದ ಬೈಸಿಕೊಂಡೆವು.

24ರ ಸಂಜೆ ಆ ತಾಯಿಯ ಮನೆಯಲ್ಲೇ ಕೂತು ನೋಡಿದೆವು. ಆ ಕ್ಲಿಪ್ಪಿನಲ್ಲಿ ತುಟಿಗೂ ಮಾತಿಗೂ ಚೂರು ಹೊಂದಿಕೆ ಇರಲಿಲ್ಲ. ನಾವು ಮೂವರೂ ಅದನ್ನೇ ನೋಡುತ್ತಿದ್ದೆವು. ಆಕೆ ಅದನ್ನು ಗಮನಿಸಲೇ ಇಲ್ಲ. "ಸೊರಗವ್ಳೆ" ಎಂದಷ್ಟೇ ಹೇಳಿ ಕಣ್ಣೊರೆಸಿಕೊಂಡರು.

ಈ ವರ್ಷ ಫೋನಿನಲ್ಲಿ ವಿಡಿಯೊ ತೆಗೆದು ಕಳಿಸುವವರು ದಯವಿಟ್ಟು ಡಿಸೆಂಬರ್ 10ರೊಳಗೆ ಮೆಮೊರಿ ಕಾರ್ಡ್ ತಲುಪಿಸಿ. ಫೋನನ್ನು ಅಡ್ಡ ಹಿಡಿದು ತೆಗೆಯಿರಿ. ಯಾರ ಬಳಿಯಾದರೂ ಹೊಸ ಮಿನಿ ಡಿವಿ ಟೇಪ್ ಇದ್ದರೆ ಒಂದಲ್ಲ, ಎರಡು ಕೊಡಿ.