ಬಿಂದಿಗೆಯ ಕೊರಳಿನ ಹೆಸರು



ಮಧುಗಿರಿಯಿಂದ ಪಾವಗಡಕ್ಕೋ ಕೊರಟಗೆರೆಯಿಂದ ಶಿರಾಕ್ಕೋ ನೀವು ಪ್ರಯಾಣ ಮಾಡಿದ್ದರೆ, ಒಣಹೊಲಗಳ ಬದುಗಳಲ್ಲಿಯೂ ರಸ್ತೆಯಂಚಿನಲ್ಲಿಯೂ ನಿಂತ ಹುಣಸೆಮರಗಳನ್ನು ಕಂಡೇ ಇರುತ್ತೀರಿ. ಕೊಯ್ಲಾದ ಹಣ್ಣು ತುಮಕೂರಿನ ಮಾರುಕಟ್ಟೆಗೆ ಹೋಗುತ್ತದೆ. ಮನೆಯ ಗಡಿಗೆಯಲ್ಲಿ ಉಳಿದುದರಲ್ಲಿ ಹೊಸದು ಸಾರಿಗೆ, ಹಳೆಯದು ಹಿತ್ತಾಳೆಗೆ. ಈ ಹಳೆಯ ಹುಣಸೆಹಣ್ಣಿನ ಪಾಲಿನ ಬಗೆಗೆ ನಾಲ್ಕು ಮಾತು ಬರೆಯಬೇಕೆಂದು ಬಹಳ ದಿನಗಳಿಂದ ಅಂದುಕೊಂಡಿದ್ದೆ.

ಹಿತ್ತಾಳೆಯೆಂದರೆ ತಾಮ್ರ ಮತ್ತು ಸತುವಿನ ಮಿಶ್ರಣ. ತಾಮ್ರದೊಡನೆ ತವರವನ್ನು ಬೆರೆಸಿದರೆ ಅದು ಕಂಚು. ದೇವಾಲಯದ ಗಂಟೆಯನ್ನು ಸಾಮಾನ್ಯವಾಗಿ ಎರಕ ಹೊಯ್ಯುವುದು ಕಂಚಿನಿಂದ. ಗಾಳಿ ಮತ್ತು ತೇವಕ್ಕೆ ಹಿತ್ತಾಳೆಯ ಮೈ ಕಂದುತ್ತದೆ. ಹುಣಸೆಯ ಹುಳಿ ಆ ಕಂದಿದ ಪದರವನ್ನು ಕರಗಿಸುತ್ತದೆ, ಜೊತೆಗೆ ಚಿಟಿಕೆ ಉಪ್ಪಿದ್ದರೆ ಇನ್ನೂ ಬೇಗ. ಆದರೆ ಹುಳಿಯಲ್ಲಿ ರಾತ್ರಿಯಿಡೀ ನೆನೆಹಾಕುವವರಿದ್ದಾರೆ. ಅದು ಸಲ್ಲದು. ಹುಳಿಯಲ್ಲಿ ಬಹಳ ಹೊತ್ತು ಬಿದ್ದರೆ ಮೇಲ್ಮೈಯ ಸತುವು ಕಳಚಿಹೋಗಿ ತಾಮ್ರವಷ್ಟೇ ಉಳಿದು, ಪಾತ್ರೆ ಚಿನ್ನದ ಬಣ್ಣ ಬಿಟ್ಟು ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಕಲಾಯಿಯಿಲ್ಲದ ಹಿತ್ತಾಳೆ ಪಾತ್ರೆಯಲ್ಲಿ ಹುಳಿಸಾರು ಇಡಬಾರದೆಂದು ನಮ್ಮ ತಾಯಂದಿರು ಹೇಳುತ್ತಿದ್ದುದೂ ಇದರಿಂದಲೇ. ಕರಗಿದ ಲೋಹ ಊಟದೊಳಗೆ ಸೇರುತ್ತದೆ. ಇನ್ನೊಂದು ಮಾತು ನಮ್ಮ ಸೀಮೆಯವರಿಗೆ. ಇಲ್ಲಿನ ಕೊಳವೆಬಾವಿಯ ನೀರು ಗಡಸು. ತೊಳೆದ ಹಿತ್ತಾಳೆಯನ್ನು ಹಾಗೆಯೇ ಬಿಸಿಲಿಗಿಟ್ಟರೆ ಪ್ರತಿ ಹನಿಯೂ ಬಿಳಿಯ ಕಲೆಯಾಗಿ ಕೂರುತ್ತದೆ. ತೊಳೆದ ಕೂಡಲೇ ಒಣಬಟ್ಟೆಯಿಂದ ಒರೆಸಬೇಕು.

ಗುರುಮಠದಲ್ಲಿದ್ದಾಗ ಶನಿವಾರ ಸಂಜೆ ಬ್ರಾಸೋ ಡಬ್ಬಿ ಹಿಡಿದು ಮೇಣದಬತ್ತಿಯ ಕಂಬಗಳನ್ನು ಉಜ್ಜುವ ಕೆಲಸ ನನ್ನದಾಗಿತ್ತು. ಕೈಗೆ ಹತ್ತಿದ ಆ ವಾಸನೆ ಭಾನುವಾರದ ಬಲಿಪೂಜೆಯವರೆಗೂ ಹೋಗುತ್ತಿರಲಿಲ್ಲ. ಅಲ್ಲಿ ಹಿಡಿದ ಹುಚ್ಚು ಇಂದಿಗೂ ಬಿಟ್ಟಿಲ್ಲ. ಧರ್ಮಕೇಂದ್ರದ ಮಕ್ಕಳೊಡನೆ ಹಿತ್ತಾಳೆ ತಗಡಿನಲ್ಲಿ ಸಣ್ಣ ಶಿಲುಬೆ, ಮನೆಯ ಹೆಸರುಫಲಕ ಮೊದಲಾದವನ್ನು ಮಾಡಿ ಮರದ ಹಲಗೆಗೆ ಅಂಟಿಸುವುದು ನನ್ನ ಬಿಡುವಿನ ಕೆಲಸ.

ಇದನ್ನು ತಿಳಿದೇ ಕೆಲವು ವರ್ಷಗಳ ಹಿಂದೆ ಮಧುಗಿರಿ ಕಡೆಯ ಒಂದು ಕುಟುಂಬದ ಇಬ್ಬರು ಅಣ್ಣತಮ್ಮಂದಿರೂ ಅವರ ತಂಗಿಯೂ ಒಂದು ಬಿಂದಿಗೆಯನ್ನು ಹೊತ್ತು ತಂದರು. ತಾಯಿ ತೀರಿಕೊಂಡು ವರ್ಷವಾಗಿತ್ತು. ಬಿಂದಿಗೆಯ ತಳ ಸೀಳಿತ್ತು. ಗುಜರಿಯವನಿಗೆ ತೂಕಕ್ಕೆ ಹಾಕಿ ಹಣ ಹಂಚಿಕೊಳ್ಳೋಣವೆಂಬುದು ಹಿರಿಯಣ್ಣನ ಮಾತು. ತಂಗಿ ಒಪ್ಪಿರಲಿಲ್ಲ. ಏಕೆಂದರೆ ಬಿಂದಿಗೆಯ ಕೊರಳಿನಲ್ಲಿ ಚುಕ್ಕಿ ಚುಕ್ಕಿಯಾಗಿ ತಾಯಿಯ ಹೆಸರಿತ್ತು.

ಆ ಚುಕ್ಕಿಯ ಅಕ್ಷರಗಳು ನಿಮ್ಮ ಮನೆಯಲ್ಲಿಯೂ ಇರಬಹುದು. ಮದುವೆಗೆ ಕೊಡುವ ಪಾತ್ರೆಗಳ ಮೇಲೆ ಅಂಗಡಿಯವನು ಚೂಪಾದ ಉಳಿಯಿಂದ ಟಕಟಕನೆ ಕುಟ್ಟಿ ಹೆಸರು ಹಾಕಿಕೊಡುತ್ತಿದ್ದ. ಕೂಡುಕುಟುಂಬದಲ್ಲಿ ಯಾವ ಪಾತ್ರೆ ಯಾವ ಸೊಸೆಯದೆಂದು ತಿಳಿಯಲು ಅದೇ ಗುರುತು. ಹೊಲಮನೆಯ ಯಾವ ಕಾಗದಪತ್ರದಲ್ಲಿಯೂ ಹೆಸರಿಲ್ಲದ ಎಷ್ಟೋ ಹೆಣ್ಣುಮಕ್ಕಳ ಹೆಸರು ಇರುವುದು ಇಂತಹ ಪಾತ್ರೆಗಳ ಕೊರಳಿನಲ್ಲಿ ಮಾತ್ರ. ಗುಜರಿಯವನ ತಕ್ಕಡಿಗೆ ಅದು ಕಾಣುವುದಿಲ್ಲ.

ಬಿಂದಿಗೆಯನ್ನು ಕತ್ತರಿಸಿ ಮೂವರಿಗೂ ಒಂದೊಂದು ಶಿಲುಬೆ ಮಾಡೋಣವೆಂದಾಯಿತು. ಪಾತ್ರೆ ರಿಪೇರಿಯವರೊಬ್ಬರು ತಗಡನ್ನು ಪಟ್ಟಿಗಳಾಗಿ ಕತ್ತರಿಸಿ, ಮಬ್ಬುಗೆಂಪಿಗೆ ಬರುವಷ್ಟು ಕಾಯಿಸಿ ತಣಿಸಿ, ಮರದ ಕೊಡತಿಯಿಂದ ಚಪ್ಪಟೆ ಮಾಡಿಕೊಟ್ಟರು. ಬಡಿದು ಮಾಡಿದ ಹಿತ್ತಾಳೆ ಬಿರುಸಾಗಿರುತ್ತದೆ. ಹೀಗೆ ಕಾಯಿಸಿದರೆ ಮೆತ್ತಗಾಗಿ ಸೀಳದೆ ಬಾಗುತ್ತದೆ. ಇದನ್ನು ಮನೆಯೊಳಗೆ ಯಾರೂ ಪ್ರಯತ್ನಿಸಬೇಡಿ. ಸತುವು 907 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿದು ಆವಿಯಾಗುವ ಲೋಹ. ಹಿತ್ತಾಳೆಯನ್ನು ಅತಿಯಾಗಿ ಕಾಯಿಸಿದರೆ ಏಳುವ ಬಿಳಿಯ ಹೊಗೆ ಉಸಿರಿನೊಡನೆ ಹೋದರೆ ಚಳಿಜ್ವರ ತರಿಸುತ್ತದೆ. (ಅದಿರಿನಿಂದ ಹೊರಟ ಕೂಡಲೇ ಹೀಗೆ ಆವಿಯಾಗುವ ಸತುವನ್ನು ಹಿಡಿದು ತಣಿಸುವ ವಿದ್ಯೆಯನ್ನು ರಾಜಸ್ಥಾನದ ಜಾವರ್ ಗಣಿಯವರು ನೂರಾರು ವರ್ಷಗಳ ಹಿಂದೆಯೇ, ಯೂರೋಪಿನವರಿಗಿಂತ ಮೊದಲೇ, ಸಾಧಿಸಿದ್ದರು.)

ಹೊಳಪಿನ ಕೆಲಸದಲ್ಲಿ ಉಪ್ಪುಕಾಗದದ ಅಂಕಿ ನೋಡಿಕೊಳ್ಳಬೇಕು. 400ರಿಂದ ಆರಂಭಿಸಿ 800, ಆಮೇಲೆ 1200. ಪ್ರತಿಯೊಂದನ್ನೂ ನೀರಿನಲ್ಲಿ ಅದ್ದಿ, ಹಿಂದಿನದರ ಗೀರಿಗೆ ಅಡ್ಡಲಾಗಿ ಉಜ್ಜಬೇಕು. ಹಿಂದಿನ ಗೀರು ಪೂರ್ತಿ ಮಾಯವಾದ ಮೇಲೆಯೇ ಮುಂದಿನ ಅಂಕಿ. ಕೊನೆಗೆ ಬ್ರಾಸೋ. ಅಂಚನ್ನು ಅರದಿಂದ ಉಜ್ಜಿ ಮೊಂಡು ಮಾಡದಿದ್ದರೆ ಬೆರಳು ಕುಯ್ಯುತ್ತದೆ. ಆದರೆ ಹೆಸರಿದ್ದ ಪಟ್ಟಿಗೆ ಉಪ್ಪುಕಾಗದವನ್ನು ನಾನು ಮುಟ್ಟಿಸಲಿಲ್ಲ. ಚುಕ್ಕಿಗಳ ಆಳ ಎಷ್ಟು ತಾನೇ ಇರುತ್ತದೆ! ಕನ್ನಡಿಯಂತೆ ಹೊಳೆಯಲಿ ಎಂಬ ಆಸೆಗೆ ಬಿದ್ದರೆ ಹೆಸರೇ ಸವೆದುಹೋಗುತ್ತದೆ. ಹುಣಸೆಹಣ್ಣು, ಮೆತ್ತನೆಯ ಬಟ್ಟೆ, ಅಷ್ಟೇ. ಚುಕ್ಕಿಗಳ ಗುಳಿಯಲ್ಲಿ ಕಪ್ಪು ಉಳಿದದ್ದೇ ಒಳ್ಳೆಯದಾಯಿತು. ಅಕ್ಷರ ಇನ್ನೂ ಸ್ಪಷ್ಟವಾಗಿ ಕಾಣಿಸಿತು.

ಈಗ ಅಂಟಿನ ವಿಷಯ. ಇಲ್ಲಿ ಎಲ್ಲರೂ ಎಡವುವುದು ಹೊಳಪಿನ ಮೋಹದಿಂದ. ನುಣುಪಾದ ಲೋಹವನ್ನು ಅಂಟು ಹಿಡಿಯುವುದಿಲ್ಲ. ಮರಕ್ಕೆ ಬಳಸುವ ಬಿಳಿಯ ಫೆವಿಕಾಲ್ ಇಲ್ಲಿ ಕೆಲಸಕ್ಕೆ ಬಾರದು, ಲೋಹ ಅದರ ನೀರನ್ನು ಹೀರಿಕೊಳ್ಳದು. ಎರಡು ಟ್ಯೂಬುಗಳಲ್ಲಿ ಬರುವ ಆರಾಲ್ಡೈಟ್‌ನಂತಹ ಅಂಟು ಬೇಕು. ಮುಖದ ಹೊಳಪೆಲ್ಲ ಮುಗಿದ ಮೇಲೆ, ಕಡೆಯದಾಗಿ, ಬೆನ್ನಿನ ಕಡೆಯನ್ನು ಒರಟು ಕಾಗದದಿಂದ ಅಡ್ಡಡ್ಡ ಉದ್ದುದ್ದ ಗೀರಬೇಕು. ಆಮೇಲೆ ಒಂದು ಹನಿ ನೀರು ಬಿಟ್ಟು ನೋಡಿ: ನೀರು ಹಾಳೆಯಂತೆ ಹರಡಿದರೆ ಜಿಡ್ಡಿಲ್ಲ, ಮುತ್ತಿನಂತೆ ದುಂಡಗೆ ನಿಂತರೆ ಇನ್ನೂ ಜಿಡ್ಡಿದೆ. ಒಣಗಿಸಿ ಅಸಿಟೋನ್‌ನಿಂದ ಒರೆಸಿ, ಮತ್ತೆ ಬೆರಳು ಸೋಕಿಸಬೇಡಿ. ನಮ್ಮ ಹಲಗೆ ಹಳೆಯ ಬಾಗಿಲಿನ ತೇಗ. ತೇಗದಲ್ಲಿಯೂ ಎಣ್ಣೆಯಂಶ ಇರುವುದರಿಂದ ಅದನ್ನೂ ಒರೆಸಿಕೊಂಡೆವು. ಎರಡೂ ಟ್ಯೂಬಿನದನ್ನು ಸಮಸಮ ಕಲಸಿ ತೆಳುವಾಗಿ ಸವರಬೇಕು. ಅತಿಯಾಗಿ ಒತ್ತಿ ಅಂಟನ್ನೆಲ್ಲ ಹೊರಗೆ ಹಿಂಡಬಾರದು. ಈ ಅಂಟು ಬಿಸಿಗೆ ಮೆತ್ತಗಾಗುತ್ತದೆ. ಆದ್ದರಿಂದ ಒಲೆಯ ಮೇಲಿಡುವ ಪಾತ್ರೆಯ ಹಿಡಿಗೋ ಮೇಣದಬತ್ತಿಯ ಬಟ್ಟಲಿಗೋ ಇದನ್ನು ನೆಚ್ಚಬೇಡಿ. ಅವಕ್ಕೆ ಬೆಸುಗೆಯೇ ಗತಿ.

ಶಿಲುಬೆ ಮೂರು, ಹೆಸರಿನ ಪಟ್ಟಿ ಒಂದು. ಅದು ಯಾರದು? ತಮ್ಮ ಒಂದು ಉಪಾಯ ಹೇಳಿದ: ಆರು ಅಕ್ಷರಗಳಿವೆ, ಎರಡೆರಡು ಅಕ್ಷರದಂತೆ ಮೂರು ತುಂಡು ಮಾಡೋಣ. ತಂಗಿ ತಲೆ ತಗ್ಗಿಸಿದಳು. ನಾನು ಏನನ್ನೂ ಹೇಳಲಿಲ್ಲ. ಅದು ಅವರ ತಾಯಿಯ ಹೆಸರು. ಮಾತನಾಡಿದವನು ಗುಜರಿಗೆ ಹಾಕೋಣವೆಂದಿದ್ದ ಹಿರಿಯಣ್ಣ.

"ಅವ್ವನ ಹೆಸ್ರು ತುಂಡು ಮಾಡೋದು ಬ್ಯಾಡ ಸ್ವಾಮಿ. ತಂಗಿಗೇ ಕೊಟ್ಬಿಡಿ."

ತಂಗಿಯ ಶಿಲುಬೆಯ ಅಡ್ಡಪಟ್ಟಿಯಾಗಿ ಹೆಸರು ಕುಳಿತಿತು. ತಮ್ಮನದೂ ಅಂಟಿಸಿದ್ದಾಯಿತು. ಹಿರಿಯಣ್ಣನ ಸರದಿ ಬಂದಾಗ, ಬೆನ್ನು ಗೀರಲು ಒರಟು ಕಾಗದ ಕೊಟ್ಟೆ. ಅದನ್ನು ಬದಿಗಿಟ್ಟು ಒಂದು ಮೊಳೆ ಕೇಳಿದರು. ಪಟ್ಟಿಯನ್ನು ಬೋರಲು ಹಾಕಿಕೊಂಡು, ಎರಡನೆಯ ತರಗತಿಯವರೆಗೆ ಓದಿದ ಕೈಯಿಂದ, ಬಹಳ ಹೊತ್ತು ಏನನ್ನೋ ಗೀರಿದರು. ಬಗ್ಗಿ ನೋಡಿದೆ. ಅದೇ ಆರು ಅಕ್ಷರ, ಒಂದರ ಮೇಲೊಂದು, ಮೂರು ನಾಲ್ಕು ಸಲ.

"ಅಂಟು ಹಿಡಿಯೋಕೆ ಇಷ್ಟು ಗೀರು ಸಾಕಾ ಸ್ವಾಮಿ?" ಎಂದರು.

ಸಾಕು ಎಂದೆ. ಅಸಿಟೋನ್‌ನಿಂದ ಒರೆಸಿ, ಅಂಟು ಸವರಿ, ಹಲಗೆಗೆ ಕೂರಿಸಿ, ಜರುಗದಂತೆ ದಾರ ಸುತ್ತಿದೆ. ಇಪ್ಪತ್ತನಾಲ್ಕು ಗಂಟೆ ಅಲುಗಿಸಬಾರದೆಂದು ಹೇಳಿದ್ದಕ್ಕೆ, ಊರಿನ ಬಸ್ಸು ಬರುವವರೆಗೂ ಅದನ್ನು ಎರಡು ಕೈಯಲ್ಲಿಯೂ ಹಿಡಿದುಕೊಂಡೇ ನಿಂತಿದ್ದರು.